ಹಡಗು ಹತ್ತಿ ಬಂದ ಮೆಣಸಿನಕಾಯಿ

ಪುಟ್ಟೇನಹಳ್ಳಿ ಕೆರೆಯ ಪಕ್ಕದಲ್ಲಿ ಹೆಂಡತಿ ಲೂಸಿಬಾಯಿಯ ಜೊತೆ ತರಕಾರಿ ತೋಟ ಮಾಡಿಕೊಂಡಿದ್ದ ಲಿಗೋರಿ ಪಿರೇರಾ ಅವರ ಗೇಟಿಗೆ ಒಂದು ತಗಡಿನ ಬೋರ್ಡ್ ಇತ್ತು: ‘ಪಿರೇರಾ ಮತ್ತು ಕುಟುಂಬ, ಕೃಷಿಕರು, ಪೋರ್ಚುಗೀಸ್ ವಂಶಸ್ಥರು.’ ಜಯನಗರದಿಂದ ಸೈಕಲ್ ತುಳಿದು ತರಕಾರಿ ಕೊಳ್ಳಲು ಹೋಗುತ್ತಿದ್ದ ನನಗೆ ಅವರು ಸೊಪ್ಪಿಗಿಂತ ಮೊದಲು ಕೊಡುತ್ತಿದ್ದುದು ವಂಶವೃಕ್ಷವನ್ನು. ಮಂಗಳೂರು ಕಡೆಯವರಾದ್ದರಿಂದ ಮಾತು ‘ಗೊತ್ತುಂಟಾ ಮಾರಾಯ’ ಎಂದು ರಾಗವಾಗಿ ಹೊರಟು ಲಿಸ್ಬನ್ ಬಂದರಿನಲ್ಲಿ ಲಂಗರು ಹಾಕುತ್ತಿತ್ತು. ಆ ರಾಗವನ್ನು ಕಾಲೇಜು ಕ್ಯಾಂಟೀನಿನಲ್ಲಿ ಅಣಕಿಸಿ ನಾನು ಎಷ್ಟೋ ಕಾಫಿ ಗಿಟ್ಟಿಸಿದ್ದೇನೆ.

ಬೇಲಿಯಾಚೆಯ ಹೊಲ ಮುನಿಯಕ್ಕ, ಮುನಿಯಣ್ಣ ದಂಪತಿಯದು. ಮುನಿಯಕ್ಕ ಸಾರಿಗೆ ನಾಲ್ಕು ಹಸಿಮೆಣಸಿನಕಾಯಿ ಕೇಳಿದಾಗಲೆಲ್ಲ ಪಿರೇರಾ ಧಾರಾಳವಾಗಿ ಕೊಡುತ್ತಿದ್ದರು. ಜೊತೆಗೆ ಭಾಷಣ ಫ್ರೀ.

“ಇದು ನಮ್ಮವರು ಹಡಗಿನಲ್ಲಿ ತಂದದ್ದು, ಗೊತ್ತುಂಟಾ? ಬಟಾಟೆ ನಮ್ಮದು, ಟೊಮೇಟೊ ನಮ್ಮದು, ನೆಲಗಡಲೆ ನಮ್ಮದು. ನಾವು ಬರದಿದ್ರೆ ನೀವೆಲ್ಲ ಎಂತ ತಿನ್ತಿದ್ರಿ ಮಾರಾಯ್ತಿ?”

ಎಪ್ಪತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ ಮುನಿಯಕ್ಕನಿಗೆ ರೇಗಿಹೋಯಿತು. ಕೊಟ್ಟ ಮೆಣಸಿನಕಾಯನ್ನು ಬೇಲಿಯ ಮೇಲಿಂದ ವಾಪಸ್ ಎಸೆದಳು.

“ಯಾಕೆ, ನಮ್ಮಜ್ಜಿ ಮಣ್ಣು ತಿನ್ಕೊಂಡಿದ್ಲಾ? ಬರೋ ಭಾನುವಾರದ ಊಟದವರ್ಗೂ ನಿಮ್ಮ ಹಡಗಿಂದು ಒಂದು ಕಾಳೂ ನಮ್ಮನೆಯೋರ ಬಾಯಿಗೆ ಬೀಳಲ್ಲ. ಗೆದ್ರೆ ಆ ಬೋರ್ಡ್ ಕಿತ್ತಾಕ್ಬೇಕು, ಪೋರ್ಚುಗಲ್ ಅಂತ ತುಟಿ ಬಿಚ್ಚಂಗಿಲ್ಲ!”

“ಸೋತ್ರೆ?”

“ಸಾಯೋ ತನಕ ನಿನ್ನ ದೊರೆ ಅಂತೀನಿ, ಹೋಗು!”

ಹಿಸ್ಟರಿ ಓದುತ್ತಿದ್ದ ತಪ್ಪಿಗೆ ನಾನು ರೆಫರಿಯಾದೆ. ಲೂಸಿಬಾಯಿ ಮಾತ್ರ ಗಂಡನ ಕಿವಿಯಲ್ಲಿ, “ಸೋತು ಬನ್ನಿ, ಕೋಳಿಗೂಡಿಗೆ ಬಾಗಿಲಿಲ್ಲ. ಆ ಬೋರ್ಡ್ ಸರಿಯಾಗ್ತದೆ” ಎಂದಳು. ಪಿರೇರಾರ ಮುಖ ಸಣ್ಣದಾಯಿತು. ಬೋರ್ಡಿಲ್ಲದ ಗೇಟಿನ ಹಿಂದೆ ಅವರು ಬರೀ ಬದನೆಕಾಯಿ ಬೆಳೆಯುವವರು ಅಷ್ಟೇ.

ಮಾರನೆಯ ದಿನವೇ ಅವರು ಬೇಲಿ ಪಕ್ಕಕ್ಕೆ ಒಲೆ ತಂದು, ಗಾಳಿ ಯಾವ ಕಡೆ ಬೀಸುತ್ತದೆಂದು ನೋಡಿಕೊಂಡು, ಮೆಣಸಿನಕಾಯಿ ಬಜ್ಜಿ ಕರಿಯಲು ಕೂತರು. ಮುದ್ದೆಯ ಜೊತೆ ಹಸಿಮೆಣಸಿನಕಾಯಿ ಕಚ್ಚದೆ ಊಟ ಮಾಡಿ ಗೊತ್ತಿಲ್ಲದ ಮುನಿಯಣ್ಣ ಹಾರೆ ಹಿಡಿದು ಇಡೀ ದಿನ ಬೇಲಿಯ ಬುಡವನ್ನೇ ಅಗೆದ. ಕೊನೆಗೆ ಅವನ ಕೈ ಬೇಲಿ ದಾಟಿ, ಬಜ್ಜಿಗೂ ಬಾಯಿಗೂ ಒಂದು ಗೇಣು ಉಳಿದಾಗ ಮುನಿಯಕ್ಕನ ಪೊರಕೆ ಬಂತು.

“ರೀ, ಅದು ಬಾಯಿಗೆ ಹೋದ್ರೆ ನೀವು ಮನೆಗೆ ಬರೋದು ಬ್ಯಾಡ. ಹಡಗು ಹತ್ತಿ!”

ಆಮೇಲೆ ಅವಳೂ ಒಲೆಯನ್ನು ಅಂಗಳಕ್ಕೆ ತಂದಳು. ಅಜ್ಜಿಯ ಕಾಲದ ಅಡುಗೆ: ಹುರುಳಿ ಕಟ್ಟು, ಹುಣಸೆಹಣ್ಣು, ಜೀರಿಗೆ, ಹುರಿದು ಕುಟ್ಟಿದ ಕಾಳುಮೆಣಸು. ಆ ಸಾರು ಕುದಿಯುತ್ತಲೇ ಗಾಳಿ ಪಕ್ಷಾಂತರ ಮಾಡಿತು. ಬಜ್ಜಿ ಬಾಣಲೆಯ ಮುಂದೆ ಕೂತಿದ್ದ ಪಿರೇರಾ ಮೂಗೆತ್ತಿದರು. ಮಧ್ಯಾಹ್ನ, “ಎಂತ ಹಾಕಿದ್ದಾಳೆ ನೋಡ್ಬೇಕಲ್ಲ? ಪರೀಕ್ಷೆ!” ಎಂದು ಬೇಲಿ ದಾಟಿದರು. ಒಂದು ಬಟ್ಟಲು ಪರೀಕ್ಷಿಸಿದರು. ಮರುದಿನ ಎರಡು ಬಟ್ಟಲು. ಅದರ ಮರುದಿನ ಪರೀಕ್ಷೆಗೆ ಮುದ್ದೆಯೂ ಬೇಕಾಯಿತು.

ಭಾನುವಾರ ಬಂತು. ಮುನಿಯಣ್ಣ ಕೊನೆಯ ತುತ್ತು ನುಂಗಿ ಕೈತೊಳೆದ. ನಾನು ಆಕಾಶವಾಣಿ ವಾರ್ತೆ ಓದುವವರ ದನಿಯಲ್ಲಿ, “ಈಗ ಬಂದ ಸುದ್ದಿಯ ಪ್ರಕಾರ, ಪುಟ್ಟೇನಹಳ್ಳಿಯಲ್ಲಿ ಪೋರ್ಚುಗೀಸರ ಆಳ್ವಿಕೆ...” ಎಂದು ಶುರುಮಾಡಿದೆ. ಪಿರೇರಾ ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಗೇಟಿನ ಕಡೆ ಹೊರಟರು.

ಗೆದ್ದ ಖುಷಿಗೆ ಮುನಿಯಣ್ಣ ಎಲೆಗೆ ಸುಣ್ಣ ಹಚ್ಚಿ, ಒಂದು ಚಿಟಿಕೆ ಏನನ್ನೋ ಉಜ್ಜಿ, ಮಡಿಸಿ ದವಡೆಗಿಟ್ಟ.

ಪಿರೇರಾ ತಿರುಗಿದರು. “ಮುನಿಯಣ್ಣ, ಬಾಯಲ್ಲಿ ಎಂತ?”

“ಎಲೆ ಅಡಿಕೆ.”

“ಅದರೊಳಗೆ?”

“ಹೊಗೆಸೊಪ್ಪು. ಊಟ ಆದ್ಮೇಲೆ ದಿನಾ ಹಾಕ್ತೀನಲ್ಲ?”

“ದಿನಾ? ಹೊಗೆಸೊಪ್ಪು ನಮ್ಮದು ಮಾರಾಯಾ! ನಮ್ಮ ಹಡಗಿನದ್ದು!” ಪಿರೇರಾ ಸ್ಕ್ರೂಡ್ರೈವರನ್ನು ಬಾವುಟದಂತೆ ಎತ್ತಿ ಅಂಗಳದ ಸುತ್ತ ಕುಣಿದರು. ಕೋಳಿಗಳು ಚೆಲ್ಲಾಪಿಲ್ಲಿಯಾದವು.

“ಈಗ ಉಗುಳಿಬಿಟ್ರೆ?” ಎಂದು ಮುನಿಯಣ್ಣ ನನ್ನನ್ನು ಕೇಳಿದ.

ಹೊಗೆಸೊಪ್ಪು ತಂದದ್ದು ಪೋರ್ಚುಗೀಸರೇ ಎಂದು ನನ್ನ ಹಿಸ್ಟರಿ ಪುಸ್ತಕದಲ್ಲೂ ಇತ್ತು. ರೆಫರಿ ಏನು ಮಾಡಲಿ? “ವಾರ್ತೆಯಲ್ಲಿ ಒಂದು ತಿದ್ದುಪಡಿ” ಎಂದೆ.

“ಆಲೂಗಡ್ಡೆ ಬಿಟ್ಟೆ, ಟೊಮೇಟೊ ಬಿಟ್ಟೆ, ಈ ಹಾಳು ಸೊಪ್ಪಲ್ಲಿ ಮಾನ ಕಳೆದ್ರಲ್ರೀ!” ಎಂದು ಮುನಿಯಕ್ಕ ಗಂಡನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ಹೇಳಿದಳು: “ದೊರೇ.”

“ಇನ್ನೊಮ್ಮೆ!”

“ದೊರೇ! ಒಂದು ಮಾತು. ಅಷ್ಟೆಲ್ಲ ತುಂಬ್ಕೊಂಡು ಬಂದ್ರಲ್ಲ ನಿಮ್ಮೋರು, ವಾಪಸ್ ಏನು ತುಂಬ್ಕೊಂಡು ಹೋದ್ರು?”

“ಕಾಳುಮೆಣಸು! ಅದಕ್ಕೇ ಅಲ್ವಾ ಅವರು ಬಂದದ್ದು?” ಗೆದ್ದ ಗುಂಗಿನಲ್ಲಿ ಪಿರೇರಾ ಹೇಳಿಬಿಟ್ಟರು.

ಮುನಿಯಕ್ಕ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಎದ್ದಿತು.

“ಈ ಕಾಳುಮೆಣಸಾ? ಅಯ್ಯೋ ಶಿವನೇ! ಹಂಗಾದ್ರೆ ನಿಮ್ಮ ಮುತ್ತಾತ ನಮ್ಮನೆ ಸಾರಿಗೆ ಬಾಯಿ ಬಿಟ್ಕೊಂಡು ಸಮುದ್ರ ದಾಟಿ ಬಂದ್ನಾ?”

ಮುನಿಯಣ್ಣ ನಗಲು ಹೋಗಿ ಎಲೆ ಅಡಿಕೆಯನ್ನೆಲ್ಲ ನುಂಗಿದ. ಲೂಸಿಬಾಯಿ ಬೇಲಿ ಹಿಡಿದುಕೊಂಡು ಕುಸಿದಳು. ನಾವೆಲ್ಲ ಪಿರೇರಾರ ಬಾಯಿಯನ್ನೇ ನೋಡಿದೆವು. ಎಲ್ಲ ಶತಮಾನಗಳಿಗೂ ಉತ್ತರ ಇಟ್ಟುಕೊಂಡಿದ್ದ ಮನುಷ್ಯ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಟ್ಟಲು ಮುಂದೆ ತಳ್ಳಿದರು.

“ಬಂದು ನಾನೂರು ವರ್ಷ ದಾಟಿತು ಮುನಿಯಕ್ಕ. ಇನ್ನೊಂದು ಸೌಟು ಹಾಕಿ.”