ಕೊಲೆಗಾರನಿಗೊಂದು ಕಿಟಕಿ ಸೀಟು

ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ರಾಯಚೂರಿನಿಂದ ಮಾನ್ವಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಹಿಡಿಯುವುದೆಂದರೆ ಕಾಳಗ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆಯಬೇಕು. ಯಾರ ಬಟ್ಟೆ ಬಿತ್ತೋ ಸೀಟು ಅವರದ್ದು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಿಟಕಿಯ ಗಾಳಿ ಇಲ್ಲದಿದ್ದರೆ ಕಲ್ಲೂರು ಬರುವಷ್ಟರಲ್ಲಿ ನನಗೆ ವಾಂತಿ ಬರುತ್ತದೆ. ಮಾನ್ವಿಯ ಪಶು ಆಸ್ಪತ್ರೆಯಲ್ಲಿ ಕುರಿಗಳಿಗೆ ಸೂಜಿ ಚುಚ್ಚುವವಳು ಬಸ್ಸಿಳಿದು ಗೋಡೆ ಹಿಡಿದು ನಿಂತರೆ ಕುರಿಗಳೇ ನಗುತ್ತವೆ.

ನನ್ನ ಪಕ್ಕ ಕೂಡುವವರು ರಜಿಯಾ ಬೇಗಂ, ಹುಡುಗಿಯರ ಹಾಸ್ಟೆಲ್ಲೊಂದರ ವಾರ್ಡನ್. ನಾನು ಆಪಾ, ಅಂದರೆ ಅಕ್ಕ, ಅನ್ನುತ್ತೇನೆ. ದೇವದುರ್ಗದ ಸಂತೆಯಲ್ಲಿ ತೂಕಕ್ಕೆ ಕೊಂಡ ಹಳೆಯ ಥ್ರಿಲ್ಲರ್ ಕಾದಂಬರಿಯೊಂದನ್ನು ತಾವು ಓದಿ ನನ್ನ ಕೈಗಿಟ್ಟರು.

"ಓದು ಉಮಾ. ಬಸ್ಸಿನಾಗ ಅದೀನಿ ಅನ್ನೋದ ಮರೀತಿ."

ಮರೆತೇಬಿಟ್ಟೆ! ಬೀಗ ಹಾಕಿದ ಮನೆಯಲ್ಲಿ ಜಮೀನ್ದಾರನ ಹೆಣ. ಅಡುಗೆಯವಳು, ಅಳಿಯ, ಡಾಕ್ಟರ್, ಎಲ್ಲರ ಮೇಲೂ ಅನುಮಾನ. ಸತ್ತವನು ನನಗೇನು ಸೋದರಮಾವನಲ್ಲ, ಆದರೂ ಎದೆ ಡವಡವ. ಕೊಂದವನು ಯಾರೆಂದು ತಿಳಿಯದ ಆ ಸಂಕಟ ಎಷ್ಟು ಸಿಹಿ ಅಂತೀರಿ! ಗಂಡ ಪ್ರಭುರಾಜ, "ಕಡೀ ಹಾಳಿ ನೋಡಿಬಿಡು, ತಲಿಬ್ಯಾನಿ ಹೋಗ್ತದ," ಅಂದ. ತಲೆಬೇನೆ ಬೇಕಂತಲೇ ಓದುತ್ತಿರುವವಳಿಗೆ ಹೇಳುವ ಮಾತೇ ಅದು?

ಕಥೆ ಅರ್ಧಕ್ಕೆ ಬಂದ ದಿನ ಆಪಾ ಮೆಲ್ಲಗೆ ಕಿವಿಯ ಬಳಿ ಬಾಗಿದರು.

"ಕಿಟಕಿ ಬಿಡು. ಇಲ್ಲಾಂದ್ರ ಕೊಲಿ ಮಾಡಿದವರು ಯಾರಂತ ಹೇಳಿಬಿಡ್ತೀನಿ."

"ಯವ್ವಾ! ಬ್ಯಾಡ್ರಿ ಆಪಾ!"

ಅತ್ತ ದರಿ, ಇತ್ತ ಪುಲಿ. ವಾಂತಿಯನ್ನಾದರೂ ತಡೆಯಬಹುದು, ಕೊಲೆಗಾರನ ಹೆಸರು ಕಿವಿಗೆ ಬಿದ್ದರೆ ಕಥೆಯೇ ಹೋಯಿತು. ಕಿವಿ ಮುಚ್ಚಿಕೊಂಡು ಈಚೆ ಸರಿದೆ. ಅಂದಿನಿಂದ ಕರ್ಚೀಫು ನನ್ನದು, ಗಾಳಿ ಅವರದ್ದು. ಬಾಯಲ್ಲಿ ನಿಂಬೆಹೋಳು ಇಟ್ಟುಕೊಂಡು ಸಿಟ್ಟು ನುಂಗಿದೆ. ಬೇಗ ಮುಗಿಸಿದರೆ ಪೀಡೆ ತೊಲಗೀತೆಂದು ಒಲೆಯ ಮುಂದೆಯೂ ಓದಿದೆ. ರೊಟ್ಟಿ ಸೀದವು.

ಕೊನೆಗೆ ಪತ್ತೇದಾರ ಎಲ್ಲರನ್ನೂ ಪಡಸಾಲೆಗೆ ಕರೆದು, "ಕೊಲೆಗಾರ ಇಲ್ಲೇ ಇದ್ದಾನೆ" ಎಂದ. ಹಾಳೆ ಮಗುಚಿದೆ. ಬರೀ ರಟ್ಟು! ಮುಂದಿನ ಹಾಳೆಗಳೆಲ್ಲ ಎಂದೋ ಕಿತ್ತುಹೋಗಿದ್ದವು.

ಪುಸ್ತಕ ಮಾರಿದವನಿಗೆ ಬೈದೆ. ಪ್ರಭುರಾಜನಿಗೂ ಬೈದೆ, ಎದುರಿಗಿದ್ದನಲ್ಲ. ಆಮೇಲೆ ಹೊಳೆಯಿತು: ಆಪಾ ಓದಿದ್ದೂ ಇದೇ ಪುಸ್ತಕ. ಅಂದರೆ ಅವರಿಗೂ ಗೊತ್ತಿಲ್ಲ! ಗೊತ್ತಿಲ್ಲದ ಹೆಸರು ತೋರಿಸಿ ಇಷ್ಟು ದಿನ ನನ್ನ ಗಾಳಿ ಕುಡಿದಿದ್ದರು.

ಮರುದಿನ ನಾನು ಕಿಟಕಿ ಬಿಟ್ಟು ಅಲುಗಲಿಲ್ಲ.

"ಹೇಳಲೇನು?" ಎಂದರು ಆಪಾ.

"ಹೇಳ್ರಿ."

ಆಪಾ ಕೆಮ್ಮಿದರು. ದುಪಟ್ಟಾ ಸರಿಮಾಡಿಕೊಂಡರು. ಕಂಡಕ್ಟರ್ ಕಡೆ ನೋಡಿದರು.

"ಹೋಗ್ಲಿ ಬಿಡ್ರಿ," ಎಂದೆ. "ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ಪೂರಾ ಪುಸ್ತಕ ಸಿಕ್ತು. ಕಡೀತನಕ ಓದೀನಿ."

ಆಪಾ ನನ್ನ ತೋಳು ಹಿಡಿದೇಬಿಟ್ಟರು. "ಖರೇ ಏನ? ಅಲ್ಲಾನ ಆಣಿ, ಆ ಪುಸ್ತಕ ಓದಿದಾಗಿಂದ ನನಗ ನಿದ್ದಿ ಇಲ್ಲವಾ! ಯಾರು? ಅಳಿಯ ಏನು?"

ತಂಪು ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಹಾಯೆನಿಸಿತು.

"ಅವಸರ ಮಾಡಬ್ಯಾಡ್ರಿ. ಕಿಟಕಿ ನನಗಿರಲಿ, ದಿನಾ ಒಂದು ಸುಳಿವು ಕೊಡ್ತೀನಿ. ಇವತ್ತು ಇಷ್ಟ ಕೇಳ್ರಿ: ಅಡಿಗಿಯಾಕಿ ಅಲ್ಲ."

"ಹೌದಾ! ನನಗ ಆಕೀ ಮ್ಯಾಲೂ ಅನುಮಾನ ಇತ್ತು!"

ಹಿಂದಿನ ಸೀಟಿನ ಮುದುಕಿಯೊಬ್ಬಳು ಕುತ್ತಿಗೆ ಚಾಚಿದಳು. "ಹಂಗಾರ ಯಾರಬೇ?"

ನೀರಮಾನ್ವಿ ದಾಟಿತು. ಆಪಾಗೆ ಡಾಕ್ಟರ್ ಮೇಲೆ ಅನುಮಾನ, ಕಥೆ ಕೇಳಿಸಿಕೊಂಡ ಮುದುಕಿಗೆ ಅಳಿಯನ ಮೇಲೆ. ನಾನು ಎಲ್ಲ ಬಲ್ಲವಳ ಹಾಗೆ ನಗುತ್ತಾ ಕೂತಿದ್ದೆ. ಒಳಗೆ ಮಾತ್ರ ಎದೆ ಡವಡವ. ದಿನಾ ಒಬ್ಬೊಬ್ಬರನ್ನು ಅನುಮಾನದಿಂದ ಬಿಡಿಸುತ್ತಾ ಹೋದರೆ ಕಡೆಗೆ ಒಬ್ಬನೇ ಉಳಿಯುತ್ತಾನೆ. ಕೊಲೆ ಅವನೇ ಮಾಡಿರಬೇಕು, ಯಾಕೆ ಮಾಡಿದನೆಂದು ನಾನೇ ಹೇಳಬೇಕು. ಅವನು ಯಾರೋ ನನಗೇ ಗೊತ್ತಿಲ್ಲ. ಯವ್ವಾ, ಏನು ಮಜಾ!