ಸ್ಟುಡಿಯೊ ಬಾಡಿಗೆಗಿದೆ

ನಮ್ಮ ಬೀದಿಯಲ್ಲಿ ಯಾರ ಮನೆಯ ಗೋಡೆ ನೋಡಿದರೂ ಒಂದೇ ಸರೋವರ ಕಾಣುತ್ತದೆ. ಒಂದು ಮನೆಯಲ್ಲಿ ಅದರ ಮುಂದೆ ಮದುಮಕ್ಕಳು ನಿಂತಿದ್ದರೆ, ಇನ್ನೊಂದರಲ್ಲಿ ಹಲ್ಲು ಬಿದ್ದ ಹುಡುಗಿ ಕೂತಿರುತ್ತಾಳೆ. ಅದು ಫೋಟೋ ಮಾಮನ ಸ್ಟುಡಿಯೊದಲ್ಲಿ ಫೋಟೋಗೆ ನಿಂತವರ ಹಿಂದೆ ಬಿಡುತ್ತಿದ್ದ, ಸರೋವರ ಬರೆದ ಬಣ್ಣದ ಪರದೆ. ನನ್ನ ಮದುವೆ ಫೋಟೋದಲ್ಲೂ ಅದೇ ಇದೆ. "ನಗಮ್ಮಾ, ನಿನ್ನ ಗಂಡ ಏನು ಹುಲಿನಾ?" ಎಂದು ಮಾಮ ನಗಿಸಿದ್ದು ಇನ್ನೂ ಕಿವಿಯಲ್ಲಿದೆ. ಅಂಥ ಮನುಷ್ಯ ಈಗ ಎಲ್ಲಿ ಸಿಗಬೇಕು!

ಮಾಮ ತೀರಿಕೊಂಡ ಮೇಲೆ ಸ್ಟುಡಿಯೊಗೆ ಬೀಗ ಬಿತ್ತು. ಮಗಳು ಶಾಲೆಯಲ್ಲಿ ಟೀಚರ್, ಮಗ ಬಸ್ ಡ್ರೈವರ್. ಬಾಡಿಗೆಗೆ ಕೊಡೋಣ ಎಂದು ಇಬ್ಬರೂ ಮಾತಾಡಿಕೊಂಡು ಗೋಡೆಗೆ ಬಣ್ಣವನ್ನೂ ಹೊಡೆಸಿದರು. ಆಮೇಲೆ ತಿಂಗಳುಗಳು ಉರುಳಿದರೂ ಬಾಡಿಗೆಯ ಬೋರ್ಡು ಮಾತ್ರ ಬರಲಿಲ್ಲ. ಟೀಚರ್ ಪ್ರತಿ ಭಾನುವಾರ ಬೀಗ ತೆಗೆದು, ಪರದೆ ಬಿಡಿಸಿ, ಅದರ ಮುಂದೆ ಕೂತುಬಿಡುತ್ತಿದ್ದಳು. ಎದುರುಮನೆಯವಳಾದ ನಾನೂ ಕಾಫಿ ಹಿಡಿದು ಹೋಗುತ್ತಿದ್ದೆ. ಹಳೆಯದನ್ನೆಲ್ಲ ನೆನೆದು ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದೆವು.

ಒಂದು ಭಾನುವಾರ ಅವಳ ತಮ್ಮ, ಆ ಡ್ರೈವರ್, ದುಮುದುಮು ಎನ್ನುತ್ತಾ ಬಂದ.

"ಅಕ್ಕಾ, ಸಾಕು ಮಾಡು. ಪಕ್ಕದ ಗೋಡೌನಿನವರು ಕೇಳ್ತಿದ್ದಾರೆ, ಮಾರಿಬಿಡೋಣ. ಕೆಡವಿ ಏನಾದ್ರೂ ಕಟ್ಟಿಕೊಳ್ಳಲಿ."

"ಕೆಡವೋದಾ? ಅಪ್ಪನ ಸ್ಟುಡಿಯೊನಾ?" ಟೀಚರ್ ಮುಖ ಸಣ್ಣದಾಯಿತು.

"ಮತ್ತಿನ್ನೇನು? ರಿಪೇರಿಗೆ ನೀರಿನ ಹಾಗೆ ದುಡ್ಡು ಸುರಿಯೋದು, ಬಂದ ಬಾಡಿಗೆಗೆ ಪೂರ್ತಿ ಟ್ಯಾಕ್ಸ್ ಕಟ್ಟೋದು. ನಮಗೆ ಉಳಿಯೋದು ಬರೀ ಚಿಪ್ಪು!"

ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ನನ್ನ ನಾದಿನಿಯನ್ನು ಕರೆತಂದೆ. ಅವಳು ಅಂಗಡಿಗಳ ತೆರಿಗೆ ಲೆಕ್ಕ ಬರೆಯುವವಳು. ಬೀದಿಯವರ ಬಾಯಲ್ಲಿ ಆಡಿಟರಮ್ಮ.

"ಪೂರ್ತಿ ಬಾಡಿಗೆಗೆ ಟ್ಯಾಕ್ಸ್ ಅಂತ ನಿನಗ್ಯಾರಪ್ಪ ಹೇಳಿದ್ದು?" ಎಂದಳು ಆಡಿಟರಮ್ಮ. "ಬಾಡಿಗೆಗೆ ಕೊಡೋಕೆ ಅಂತ ಮಾಡಿಸೋ ರಿಪೇರಿ ಖರ್ಚನ್ನ ಬಾಡಿಗೆ ಆದಾಯದಲ್ಲಿ ಕಳೀಬಹುದು. ಉಳಿದದ್ದಕ್ಕೆ ಮಾತ್ರ ಟ್ಯಾಕ್ಸ್."

ಡ್ರೈವರ್ ಕಣ್ಣರಳಿಸಿದ. "ಹೌದಾ! ಹಾಗಾದ್ರೆ ಆವತ್ತು ಬಣ್ಣ ಹೊಡೆಸಿದ್ದೂ ಕಳೀಬಹುದು."

"ಬಾಡಿಗೆಗಿದೆ ಅಂತ ಬೋರ್ಡ್ ಯಾವಾಗ ಹಾಕಿದ್ರಿ?"

"ಹಾಕೇ ಇಲ್ಲ," ಎಂದ ಡ್ರೈವರ್.

"ಬಣ್ಣ ಹೊಡೆಸಿ, ಬೀಗ ಹಾಕಿ, ಭಾನುವಾರ ಬಂದು ಕೂತ್ಕೊಂಡ್ರೆ ಅದು ನಿಮ್ಮ ಸ್ವಂತ ಬಳಕೆ. ನಿಜವಾಗ್ಲೂ ಬಾಡಿಗೆಗೆ ಬಿಟ್ಟಿದ್ದೀವಿ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು. ಆಮೇಲಿನ ಖರ್ಚಿಗೆ ಲೆಕ್ಕ. ಆ ಬಣ್ಣದ ಆಸೆ ಬಿಟ್ಟುಬಿಡಿ."

"ನೋಡ್ದ್ಯಾ ಅಕ್ಕಾ, ನಿನ್ನಿಂದ ಏನಾಯ್ತು!"

"ನೀನೇನು ಕಮ್ಮಿನಾ? ಬಣ್ಣಕ್ಕೆ ಬಿಲ್ ಎಲ್ಲಿದೆ?" ಟೀಚರ್ ತಿರುಗಿಬಿದ್ದಳು.

"ಬಿಲ್ ಬೇಡ ಅಂದಿದ್ದಕ್ಕೆ ಪೇಂಟರ್ ಸ್ವಲ್ಪ ಬಿಟ್ಟುಕೊಟ್ಟ..."

"ಬಿಟ್ಟುಕೊಟ್ಟ, ಪಾಪ!" ಎಂದಳು ಆಡಿಟರಮ್ಮ. "ಬೋರ್ಡ್ ಹಾಕಿದ್ದಿದ್ರೂ ಬಿಲ್ ಇಲ್ಲದೆ ನೀನು ಟ್ಯಾಕ್ಸಲ್ಲಿ ಅದಕ್ಕಿಂತ ಜಾಸ್ತಿ ಕಳ್ಕೊಳ್ತಿದ್ದೆ."

ಎಲ್ಲರೂ ಮಾಮ ಫೋಟೋ ತೊಳೆಯುತ್ತಿದ್ದ ಡಾರ್ಕ್ ರೂಮಿಗೆ ಹೋದೆವು. ನಲ್ಲಿ ತೊಟ್ಟಿಕ್ಕುತ್ತಿತ್ತು. ಬಾಗಿಲಿನ ಕೀಲು ಕಿತ್ತು ಬಂದಿತ್ತು. ಬೆಳಕು ಬರಬಾರದೆಂದು ಮಾಮ ಆ ಕೋಣೆಗೆ ಕಿಟಕಿಯನ್ನೇ ಇಡಿಸಿರಲಿಲ್ಲ.

"ನಲ್ಲಿ, ಕೀಲು ಸರಿಮಾಡಿಸೋದು ರಿಪೇರಿ. ಅದನ್ನ ಆ ವರ್ಷವೇ ಕಳೀಬಹುದು. ಗೋಡೆ ಒಡೆದು ಕಿಟಕಿ ಇಡಿಸಿದ್ರೆ ಅದು ರಿಪೇರಿ ಅಲ್ಲ, ಇಲ್ಲದ್ದನ್ನ ಹೊಸದಾಗಿ ಮಾಡಿದ ಹಾಗೆ. ಆ ಖರ್ಚನ್ನ ಒಂದೇ ಸಲಕ್ಕೆ ಕಳೆಯೋಕೆ ಬಿಡಲ್ಲ, ಹಲವು ವರ್ಷಕ್ಕೆ ಹಂಚಬೇಕು. ಅದಕ್ಕೆ ಎರಡಕ್ಕೂ ಬೇರೆ ಬೇರೆ ಬಿಲ್ ಮಾಡಿಸಿ."

"ನಲ್ಲಿ ನಾನೇ ಹಾಕ್ತೀನಿ. ನನ್ನ ಕೂಲಿನೂ ಸೇರಿಸಬಹುದಾ?"

"ನಲ್ಲಿಯ ಬಿಲ್‌ಗೆ ಲೆಕ್ಕ ಇದೆ, ನಿನ್ನ ಬೆವರಿಗೆ ಇಲ್ಲ."

ಡ್ರೈವರ್ ತಲೆ ಕೆರೆದುಕೊಂಡ. "ಹಾಗಾದ್ರೆ ಮಾರೋದು ಬೇಡ್ವೇನೋ. ಆದ್ರೆ ಬೋರ್ಡ್ ಹಾಕೋಕೆ ಅಕ್ಕ ಒಪ್ಪಬೇಕಲ್ಲ?"

ಟೀಚರ್ ಹೊರಗೆ ಬಂದು ಪರದೆಯ ಮುಂದೆ ನಿಂತಳು. ಇವಳು ಒಪ್ಪದಿದ್ದರೆ ಗೋಡೌನಿನವರು ಬರುವುದು ಖಂಡಿತ.

"ಅಪ್ಪನಿಗೆ ಇಲ್ಲಿ ಜನ ಬರ್ತಾನೇ ಇರಬೇಕಿತ್ತು," ಎಂದಳು. "ಒಂದು ಗಳಿಗೆ ಯಾರೂ ಬರದಿದ್ರೆ ಬೀದಿಗೇ ಹೋಗಿ ಕರ್ಕೊಂಡು ಬರೋರು. ನಾನು ನೋಡಿದ್ರೆ ಬಾಗಿಲು ಹಾಕ್ಕೊಂಡು ಕೂತಿದ್ದೀನಿ. ತಮ್ಮಾ, ಆ ಕಡೆ ತುದಿ ಹಿಡ್ಕೋ."

ಇಬ್ಬರೂ ಸೇರಿ ಪರದೆ ಸುತ್ತಿದರು. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆ ದಿನವೇ ಬಾಗಿಲ ಮೇಲೆ ಬಾಡಿಗೆಯ ಬೋರ್ಡು ಏರಿತು. ಅದನ್ನು ಬರೆಸಿದ ಖರ್ಚಿಗೂ ಬಿಲ್ ಇದೆ, ಅದೂ ಲೆಕ್ಕಕ್ಕೆ ಬರುತ್ತದಂತೆ. ಈಗ ಅಲ್ಲಿ ಒಬ್ಬ ದರ್ಜಿ ಅಂಗಡಿ ಇಟ್ಟಿದ್ದಾನೆ. ಬೀದಿಯ ಹೆಂಗಸರು, ಮಕ್ಕಳೆಲ್ಲ ಮತ್ತೆ ಆ ಮೆಟ್ಟಿಲು ಹತ್ತುತ್ತಿದ್ದಾರೆ. ಗೋಡೌನಿನವರು ಇನ್ನೊಮ್ಮೆ ಕೇಳಲು ಬಂದಾಗ "ಇದು ಮಾರೋದಲ್ಲ" ಎಂದವನು ಡ್ರೈವರೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಒಂದು ಮನೆಗೆ ಬೀಗ ಬಿದ್ದಿದೆಯೇ? ಪೇಂಟರನ್ನು ಕರೆಯುವ ಮೊದಲು, ಮನೆ ಬಾಡಿಗೆಗಿದೆ ಎಂದು ಸಾರಿ ಹೇಳಿ. ಹೆಸರು, ದಿನಾಂಕ ಇರುವ ಬಿಲ್ ಕೇಳಿ ಪಡೆಯಿರಿ. ರಿಪೇರಿಯನ್ನೂ ಹೊಸ ಕೆಲಸವನ್ನೂ ಬೇರೆಯಾಗಿ ಬರೆಸಿ. ತೆರಿಗೆಯ ನಿಯಮ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ರಿಪೇರಿಯ ಬಿಲ್ ನೋಡುವುದೇ ಇಲ್ಲ, ಬಾಡಿಗೆಯ ಒಂದು ಪಾಲಿಗೆ ತೆರಿಗೆಯನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ನಿಮ್ಮಲ್ಲಿಯ ನಿಯಮ ಏನೆಂದು ತಿಳಿದವರನ್ನು ಮೊದಲೇ ವಿಚಾರಿಸಿ. ಹೆತ್ತವರು ಕಷ್ಟಪಟ್ಟು ಕಟ್ಟಿದ ಮನೆಯನ್ನು ಲೆಕ್ಕ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಮಾರಬೇಡಿ.