ಅಣ್ಣನ ಗೇಣು

ಸಂಗೀತ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೊಮ್ಮಗಳು ಪಿಯಾನೋ ಮುಟ್ಟುವ ಮೊದಲೇ ಫೇಲಾಗಿ ಬಂದಿದ್ದಳು. ಕಾರಣ ಕೇಳಿದ ಅಜ್ಜಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಗೇಣು ಸಾಲದು ಅಂದ್ರು ಅಜ್ಜಿ. ಗಾಜಿನ ಪೆಟ್ಟಿಗೆಯಿಂದ ಆ ಬಿಳಿ ಕೈ ತೆಗೆದು ನನ್ನ ಕೈ ಪಕ್ಕ ಇಟ್ಟು ನೋಡಿದ್ರು. ನಿಂಗೆ ಕೊಳಲು ಸಾಕಮ್ಮ ಅಂದ್ರು."

ಆ ಬಿಳಿ ಕೈ ಅಂದರೆ ಅಜ್ಜಿಯ ಅಣ್ಣನ ಕೈ. ಊರೆಲ್ಲ ಹಾಗೇ ನಂಬಿತ್ತು. ಅಣ್ಣ ದೊಡ್ಡ ಪಿಯಾನೋ ವಾದಕ. ಅವನು ನುಡಿಸಲು ಕೂತರೆ ಕೆಮ್ಮು ಬಂದವರೂ ನುಂಗಿಕೊಳ್ಳುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ. ಅವನು ತೀರಿಕೊಂಡ ಮೇಲೆ ಬೆರಳು ಅಗಲಿಸಿದ ಪ್ಲಾಸ್ಟರಿನ ಆ ಕೈ ಶಾಲೆಗೆ ಸೇರಿತ್ತು. ಗಾಜಿನೊಳಗೆ ಬಿದ್ದಿರಲಿ, ನನಗೇನು ಎಂದು ಅಜ್ಜಿ ಸುಮ್ಮನಿದ್ದಳು. ಅದನ್ನು ಹಿಡಿದು ಮಕ್ಕಳನ್ನು ಅಳೆಯುತ್ತಾರೆ ಎನ್ನುವುದು ಅವಳಿಗೆ ಗೊತ್ತಾದದ್ದು ಅವತ್ತೇ.

ಮರುದಿನ ಬೆಳಗ್ಗೆ ಮೊಮ್ಮಗಳನ್ನು ಎಳೆದುಕೊಂಡೇ ಹೊರಟಳು. ಶಾಲೆಯ ಪಡಸಾಲೆಯಲ್ಲಿ ಪರೀಕ್ಷೆಗೆ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು, ಬೆರಳುಗಳನ್ನು ಗೋಡೆಗೆ ಒತ್ತಿ ಒತ್ತಿ ಹಿಗ್ಗಿಸುತ್ತಿದ್ದರು. ಗೋಡೆಯ ಮೇಲೆ ಹಳೆಯ ಕಾಲದ ವಾದಕರ ಫೋಟೋಗಳು, ಗಡ್ಡದವರು, ಮೀಸೆಯವರು, ಹುಬ್ಬು ಗಂಟಿಕ್ಕಿದವರು. ಅವರಿಗೆ ಅಕ್ಕತಂಗಿಯರೇ ಇರಲಿಲ್ಲವೇನೋ ಅನ್ನಿಸುವಂಥ ಗೋಡೆ. ಮೊಮ್ಮಗಳನ್ನು ಬೆಂಚಿನ ಮೇಲೆ ಕೂರಿಸಿ ಅಜ್ಜಿ ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು.

ತಾನು ಯಾರು ಎಂದು ಹೇಳಿದ್ದೇ ತಡ, ಪ್ರಿನ್ಸಿಪಾಲರು ಎದ್ದು ನಿಂತರು. "ಮಹನೀಯರ ತಂಗೀನಾ! ಆ ಹುಡುಗಿ ನಿಮ್ಮ ಮೊಮ್ಮಗಳಾ? ನಿನ್ನೇನೇ ಹೇಳ್ಬಾರ್ದಿತ್ತಾ ಅಮ್ಮ? ಸೀಟು ಕೊಟ್ಟುಬಿಡ್ತಿದ್ವಿ."

"ನಿನ್ನೆ ಸಾಲದ ಗೇಣು ಇವತ್ತು ಸಾಕಾಯ್ತಾ? ರಾತ್ರೋರಾತ್ರಿ ಬೆಳೀತಾ?"

ಅವರು ನಕ್ಕರು. ಹೆಂಗಸರ ಸಿಟ್ಟಿಗೆ ನಗುವ ಆ ನಗು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು, ಅವಳ ಅಪ್ಪನೂ ಹಾಗೇ ನಗುತ್ತಿದ್ದ. ಪ್ರಿನ್ಸಿಪಾಲರು ಗಾಜಿನ ಪೆಟ್ಟಿಗೆಯಿಂದ ಬಿಳಿ ಕೈಯನ್ನು ತೆಗೆದು ಭಕ್ತಿಯಿಂದ ಮೇಜಿನ ಮೇಲಿಟ್ಟರು. "ಇಂಥ ಕೈ ಇದ್ರೇನೇ ಪಿಯಾನೋ ಒಲಿಯೋದು ಅಮ್ಮ. ಈ ಕಿರುಬೆರಳು ನೋಡಿ, ಹೇಗೆ ಸೊಟ್ಟಗಾಗಿದೆ! ಅಷ್ಟು ಸಾಧನೆ. ನಮ್ಮ ಹುಡುಗರು ಕಿರುಬೆರಳನ್ನ ಹೀಗೇ ಬಗ್ಗಿಸಿ ಅಭ್ಯಾಸ ಮಾಡ್ತಾರೆ."

ಅಜ್ಜಿ ತನ್ನ ಬಲಗೈಯನ್ನು ಅದರ ಪಕ್ಕದಲ್ಲಿ ಅಗಲಿಸಿ ಇಟ್ಟಳು. ಚರ್ಮ ಸುಕ್ಕುಗಟ್ಟಿತ್ತು, ಗೆಣ್ಣು ಊದಿತ್ತು. ಆದರೆ ಗೇಣು ಅದೇ. ಕಿರುಬೆರಳೂ ಅದೇ ಜಾಗದಲ್ಲಿ ಅಷ್ಟೇ ಸೊಟ್ಟ.

"ಸಾಧನೆ ಅಲ್ಲ ಕಣಪ್ಪಾ, ಪಿಯಾನೋ ಮುಚ್ಚಳ. ಚಿಕ್ಕವರಿದ್ದಾಗ ಅಣ್ಣನ ಕೈಗೆ ಎಟುಕದ ಸ್ವರ ನಾನು ಪಕ್ಕದಿಂದ ಕೈ ಚಾಚಿ ಹಿಡಿದುಬಿಟ್ಟೆ. ಹೊಟ್ಟೆಕಿಚ್ಚಿಗೆ ಮುಚ್ಚಳ ದಬಾರ್ ಅಂತ ಹಾಕಿದ. ಬೆರಳು ಮುರೀತು. ಅಪ್ಪ ಯಾರನ್ನ ಬೈದ್ರು ಗೊತ್ತಾ? ನನ್ನನ್ನ! ಅವನ ಮನಸ್ಸು ನೋಯಿಸ್ಬೇಡ, ಇನ್ಮೇಲೆ ಪಿಯಾನೋ ಮುಟ್ಬೇಡ ಅಂದ್ರು. ಆಮೇಲೆ ಅವನು ದೊಡ್ಡವನಾದ, ಅವನ ಕೈ ಅಚ್ಚು ತೆಗೆಯೋಕೆ ಶಿಲ್ಪಿ ಬಂದ. ಅಣ್ಣಂಗೆ ತನ್ನ ಪುಟ್ಟ ಕೈ ತೋರಿಸೋಕೆ ನಾಚಿಕೆ. ಅಡುಗೆಮನೆಗೆ ಬಂದು, ಸ್ವಲ್ಪ ಹೊತ್ತು ನಿನ್ ಕೈ ಕೊಡೇ ಅಂದ. ನಾನು ಕೈ ಕೊಟ್ಟೆ. ಅವನೂ ನಂಗೆ ಕೈ ಕೊಟ್ಟ."

ಪ್ರಿನ್ಸಿಪಾಲರ ನಗು ಇಂಗಿಹೋಯಿತು. ಅವರ ಕಣ್ಣು ಕೋಣೆಯ ಗೋಡೆಯ ಮೇಲಿನ ಮಹನೀಯರ ಫೋಟೋದ ಕಡೆ ಹೋಯಿತು. ಪಿಯಾನೋ ಮೇಲೆ ಎರಡು ಪುಟ್ಟ ಕೈಗಳು, ಎರಡೂ ಕಿರುಬೆರಳುಗಳು ನೆಟ್ಟಗೆ. ದಿನಾ ಅದರ ಕೆಳಗೇ ಕೂತು ಅವರು ಚಹಾ ಕುಡಿದಿದ್ದರು.

"ಆದ್ರೆ ಅವರ ಶೈಲಿ... ಸ್ವರಗಳನ್ನ ಹಾಗೆ ಒಂದರ ಹಿಂದೊಂದು ಉದುರಿಸೋದು..."

"ಒಟ್ಟಿಗೆ ಹಿಡಿಯೋಕೆ ಕೈ ಸಾಲ್ತಿರ್ಲಿಲ್ಲ, ಅದಕ್ಕೇ ಉದುರಿಸ್ತಿದ್ದ! ಅದು ಅವನ ಜಾಣತನ, ನಾನು ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಮಹನೀಯ ಇವತ್ತು ಬಂದು ಈ ಸಾಲಲ್ಲಿ ನಿಂತಿದ್ರೆ ಅವನಿಗೂ ಕೊಳಲೇ ಗತಿ!"

ಪ್ರಿನ್ಸಿಪಾಲರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ದನಿ ತಗ್ಗಿಸಿದರು. "ಅಮ್ಮ, ಈ ವಿಷಯ ನಮ್ಮಿಬ್ಬರಲ್ಲೇ ಇರ್ಲಿ. ಮೊಮ್ಮಗಳ ಸೀಟು ಗಟ್ಟಿ. ನನ್ನ ಮಾತು."

ಅಜ್ಜಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ರಾತ್ರಿ ಹುಡುಗಿ ಉಂಡಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದೂ ಅಜ್ಜಿಗೆ ಹೊಸದಲ್ಲ. ಜೀವಮಾನವಿಡೀ ಅದನ್ನೇ ಮಾಡಿದ್ದಳು. ಯಾರ ಮನಸ್ಸು ನೋಯುತ್ತದೆಂದು ಇನ್ನೂ ಸುಮ್ಮನಿರಬೇಕು? ಅಣ್ಣ ಸತ್ತ, ಅಪ್ಪ ಸತ್ತ. ಆ ಮುಚ್ಚಳ ಮಾತ್ರ ಇನ್ನೂ ಮಕ್ಕಳ ಬೆರಳ ಮೇಲೆ ಬೀಳುತ್ತಲೇ ಇತ್ತು.

ಅವಳು ಬಿಳಿ ಕೈಯನ್ನು ಎತ್ತಿ ತನ್ನ ಚೀಲಕ್ಕೆ ತುರುಕಿದಳು.

"ಅಮ್ಮಾ! ಅದು ಶಾಲೆಯ ಆಸ್ತಿ!"

"ನನ್ನ ಕೈ. ಒಂದ್ಸಲ ಕೊಟ್ಟು ಕೆಟ್ಟಿದ್ದೀನಿ, ಇನ್ನು ಕೊಡಲ್ಲ."

ಬಾಗಿಲು ಗೋಡೆಗೆ ಬಡಿಯುವ ಹಾಗೆ ತೆರೆದಳು. ಪಡಸಾಲೆಯ ಸಾಲು ತಿರುಗಿ ನೋಡಿತು.

"ಗೋಡೆ ಒತ್ತೋದು ಬಿಡಿ ಮಕ್ಕಳೇ! ನಿಮ್ಮನ್ನ ಅಳೀತಿದ್ದ ಕೈ ಮಹನೀಯರದಲ್ಲ, ನನ್ನದು. ಅವನ ಗೇಣು ನಿಮ್ಮಷ್ಟೂ ಇರ್ಲಿಲ್ಲ. ಒಳಗೆ ಹೋಗಿ ನುಡಿಸಿ. ಇವರಿಗೆ ಕಿವಿ ಇದೆ, ಕೇಳ್ಲಿ!"

ಸಾಲಿನ ಮುಂದಿದ್ದ ಗಿಡ್ಡ ಹುಡುಗಿಯೊಬ್ಬಳು ಕೈ ಕೊಡವಿಕೊಂಡು ಪಿಯಾನೋ ಕೋಣೆಯೊಳಗೆ ಹೋದಳು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತೇ ಇದ್ದರು, ತಡೆಯಲಿಲ್ಲ. ತಡೆಯುವುದಕ್ಕೆ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಮೊಮ್ಮಗಳು ಎದ್ದು ಬಂದಳು. "ಅಜ್ಜಿ, ನನ್ನ ಸೀಟು ಸಿಕ್ತಾ?"

"ಇಲ್ಲ. ಸಾಲಿನ ಕೊನೇಲಿ ನಿಂತ್ಕೋ. ನಿನ್ನ ಸರದಿ ಬರುತ್ತೆ."

ಅಜ್ಜಿ ಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಸಿಟ್ಟು ಇಳಿದಿರಲಿಲ್ಲ, ಇಳಿಯುವುದು ಬೇಕಾಗಿಯೂ ಇರಲಿಲ್ಲ. ಒಳಗೆ ಗಿಡ್ಡ ಹುಡುಗಿ ನುಡಿಸತೊಡಗಿದಾಗ ಅಜ್ಜಿಯ ಸೊಟ್ಟ ಕಿರುಬೆರಳು ಚೀಲದ ಮೇಲೆ ಆ ಸ್ವರಗಳನ್ನು ಹುಡುಕತೊಡಗಿತು.